ಮಂಡಿ ಮೊಹಲ್ಲಾದ ಹೆರಿಗೆ ಪುಸ್ತಕ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ‘ಮಿಷನ್ ಆಸ್ಪತ್ರೆ’ ಎಂದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಎಂಬ ಪೂರ್ತಿ ಹೆಸರು ಬೋರ್ಡಿನ ಮೇಲಿದೆ, ಊರಿನ ಬಾಯಲ್ಲಿ ನಿಂತದ್ದು ಮಿಷನ್ ಆಸ್ಪತ್ರೆಯೇ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಈ ಆಸ್ಪತ್ರೆಯಲ್ಲಿ 1934ರಿಂದ ಒಂದು ರೂಢಿ ತಪ್ಪದೆ ನಡೆದುಬಂತು. ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಅಳೆದು ಬರೆದಿಡುವುದು. ಹೆತ್ತವಳ ತೂಕವೂ ಅದೇ ದಾಖಲೆಯಲ್ಲಿ ಸೇರುತ್ತಿತ್ತು. ಲೆಕ್ಕವೆಲ್ಲ ಪೌಂಡು, ಔನ್ಸು, ಇಂಚುಗಳಲ್ಲಿ.

ತಾಯಿಯ ಸೊಂಟವನ್ನೂ ಅಳೆಯುತ್ತಿದ್ದರು. ಅದಕ್ಕೆ ಪೆಲ್ವಿಮೀಟರ್ ಎಂಬ ಸಲಕರಣೆ ಇತ್ತು. ದೊಡ್ಡ ಇಕ್ಕಳದ ಹಾಗೆ ಬಾಗಿದ ಎರಡು ಲೋಹದ ತೋಳು, ತುದಿಗೆ ಪುಟ್ಟ ಗುಂಡು, ನಡುವೆ ಅಳತೆಪಟ್ಟಿ. ನರ್ಸಮ್ಮ ಸೊಂಟದ ಎರಡು ಬದಿಯ ಮೂಳೆಯನ್ನು ಬೆರಳಿನಿಂದ ತಡವಿ ಗುರುತಿಸಿ, ಗುಂಡುಗಳನ್ನು ಅಲ್ಲಿಗೆ ತಾಗಿಸಿ ಅಂತರ ಓದಿಕೊಳ್ಳಬೇಕು. ಆಮೇಲೆ ಬೆನ್ನಮೂಳೆಯ ಕೆಳತುದಿಯ ಹತ್ತಿರದಿಂದ ಮುಂದಿನ ಮೂಳೆಯವರೆಗೆ ಇನ್ನೊಂದು ಅಳತೆ. ಮಗು ಹೊರಬರುವ ದಾರಿ ಅಗಲವಿದೆಯೋ ಇಕ್ಕಟ್ಟೋ ಎಂದು ಮುಂಚಿತವಾಗಿ ಅಂದಾಜು ಮಾಡಲು ಆಗ ಇದ್ದ ಉಪಾಯಗಳಲ್ಲಿ ಇದೂ ಒಂದು.

ಬಸುರಿಯ ಬೊಜ್ಜಿನ ಚಿಂತೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಇಕ್ಕಟ್ಟಾದ ಸೊಂಟ, ನಿಲ್ಲದ ರಕ್ತಸ್ರಾವ, ಬಾಣಂತಿ ಜ್ವರ: ಅಂದಿನ ಭಯಗಳೇ ಬೇರೆ. ಆದರೂ ಬಸುರಿಯ ದೇಹತೂಕ ಮಗುವಿನ ಮುಂದಿನ ಬದುಕಿನ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಲೋಕವೇ ಕಿವಿಗೊಟ್ಟ ಉತ್ತರವೊಂದು ಮುಂದೆ ಈ ಪುಸ್ತಕಗಳಿಂದಲೇ ಬಂತು. ಅದಕ್ಕೆ ಸುಮಾರು ಅರವತ್ತು ವರ್ಷ ಹಿಡಿಯಿತು.

ಬಸುರಿಯ ಊಟದ ಬಗ್ಗೆ ಕನ್ನಡದ ಮನೆಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಬಾಳಿವೆ. ‘ಎರಡು ಜೀವದವಳು, ಇಬ್ಬರ ಊಟ ಮಾಡಬೇಕು’ ಎನ್ನುವುದು ಒಂದು. ಏಳನೇ ತಿಂಗಳ ಸೀಮಂತಕ್ಕೆ, ಉತ್ತರ ಕರ್ನಾಟಕದ ಕುಬುಸಕ್ಕೆ ತಟ್ಟೆ ತುಂಬ ಸಿಹಿ ಬರುವುದು, ಬಯಕೆಯೂಟಕ್ಕೆ ನೆಂಟರು ಸರದಿಯಲ್ಲಿ ಕರೆಯುವುದು, ಹೆತ್ತ ಮೇಲೆ ಅಂಟಿನುಂಡೆ, ಕೊಬ್ಬರಿ, ತುಪ್ಪ ತಿನ್ನಿಸುವುದು ಎಲ್ಲವೂ ಈ ಮಾತಿನ ಬೆನ್ನಿಗಿವೆ. ಇನ್ನೊಂದು ಮಾತು ಇದಕ್ಕೆ ತೀರ ಉಲ್ಟಾ. ‘ಜಾಸ್ತಿ ತಿಂದರೆ ಕೂಸು ದಪ್ಪವಾಗುತ್ತೆ, ಹೆರಿಗೆ ಕಷ್ಟವಾಗುತ್ತೆ.’ ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕೂತು ಹೆಂಗಸರ ಬಾಯಿಂದ ಕೇಳಿದ್ದನ್ನು 1983ರಲ್ಲಿ ಪ್ರಕಟಿಸಿದರು. ಅನ್ನವೂ ಕೂಸೂ ಒಂದೇ ಹೊಟ್ಟೆಯಲ್ಲಿ ಜಾಗ ಹಂಚಿಕೊಳ್ಳುತ್ತವೆ, ಅನ್ನ ಹೆಚ್ಚಾದರೆ ಕೂಸಿಗೆ ಇಕ್ಕಟ್ಟು ಎಂದು ಅಲ್ಲಿ ಹಲವರು ನಂಬಿದ್ದರು. ಸಣ್ಣ ಕೂಸನ್ನೇ ಬಯಸುವವರೂ ಇದ್ದರು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಸೂಲಗಿತ್ತಿಯ ಎರಡು ಕೈ ಬಿಟ್ಟರೆ ಬೇರೆ ದಿಕ್ಕಿಲ್ಲದ ಕಾಲದಲ್ಲಿ ಅಡ್ಡ ಸಿಕ್ಕಿಕೊಂಡ ದಪ್ಪ ಮಗು ಎಂದರೆ ತಾಯಿಯ ಸಾವೇ. ಕಣ್ಣಾರೆ ಕಂಡ ಸಾವುಗಳಿಂದ ಆ ಹೆಂಗಸರು ಕಲಿತ ಎಚ್ಚರಿಕೆ ಅದು.

ಅದೇ ಭಯ ಜರ್ಮನಿಯ ಡಾಕ್ಟರಿಗೂ ಇತ್ತು. ಹ್ಯಾಂಬರ್ಗಿನ ಲುಡ್ವಿಗ್ ಪ್ರೊಖೋವ್ನಿಕ್ 1889ರಲ್ಲಿ ಒಂದು ಪಥ್ಯವನ್ನು ಮುಂದಿಟ್ಟ. ಸೊಂಟದ ಮೂಳೆ ಇಕ್ಕಟ್ಟಾದ ಬಸುರಿಯರಿಗೆ ಕೊನೆಯ ವಾರಗಳಲ್ಲಿ ಪಿಷ್ಟ, ಸಕ್ಕರೆ, ನೀರು ಕಡಿಮೆ ಮಾಡಿ ಮಗುವನ್ನು ಸಣ್ಣದಾಗಿಸುವುದು ಅವನ ಉದ್ದೇಶ. ಬಿಸಿಲು ಕಾಣದ ಕೈಗಾರಿಕಾ ಊರುಗಳಲ್ಲಿ ರಿಕೆಟ್ಸ್‌ನಿಂದ ಎಷ್ಟೋ ಹೆಣ್ಣುಮಕ್ಕಳ ಸೊಂಟದ ಮೂಳೆ ಬಾಗಿಹೋಗಿತ್ತು, ಸಿಸೇರಿಯನ್ ಇನ್ನೂ ಪ್ರಾಣಕ್ಕೇ ಸಂಚಕಾರವಾಗಿತ್ತು. ಆ ಹೊತ್ತಿಗೆ, ಆ ಊರಿಗೆ ಪಥ್ಯದಲ್ಲಿ ಅರ್ಥವಿತ್ತು. ಆದರೆ ಕಾರಣ ಮರೆತುಹೋಗಿ ಪಥ್ಯವಷ್ಟೇ ಉಳಿಯಿತು.

ಅದು ಮತ್ತೆ ತಲೆಯೆತ್ತಿದ್ದು ಅಮೆರಿಕದಲ್ಲಿ, ಬೇರೊಂದು ನೆಪದಲ್ಲಿ. 1920ರ ದಶಕದಿಂದ ಅಲ್ಲಿನ ವೈದ್ಯರು ಪ್ರತಿ ಭೇಟಿಯಲ್ಲೂ ಬಸುರಿಯ ತೂಕ ನೋಡತೊಡಗಿದರು. ಬಿಪಿ ಏರಿ, ಮೈ ಬಾತು, ಕೊನೆಗೆ ಫಿಟ್ಸ್ ಬರುವ ನಂಜಿನ ಮುನ್ಸೂಚನೆ ಏರುವ ತೂಕದಲ್ಲಿ ಸಿಗುತ್ತದೆ ಎಂಬ ನಂಬಿಕೆ ಅವರದು. ಬಾವಿನ ನೀರಿನಿಂದ ಏರಿದ ತೂಕ ಯಾವುದು, ಉಂಡು ಬಂದ ತೂಕ ಯಾವುದು ಎಂದು ಬಿಡಿಸಿ ನೋಡದೆ ಎರಡಕ್ಕೂ ಒಂದೇ ಮದ್ದು ಕೊಟ್ಟರು: ಊಟ ಕಡಿಮೆ ಮಾಡು. ಹತ್ತು ಕಿಲೋ ಒಳಗೇ ಇರಬೇಕು ಎಂದು ಗೆರೆ ಎಳೆದರು. ಐವತ್ತು, ಅರವತ್ತರ ದಶಕಗಳಲ್ಲಿ ಹಸಿವು ಕೊಲ್ಲುವ ಆಂಫೆಟಮಿನ್ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಬಸುರಿಯರ ಕೈಸೇರಿದವು. ತೂಕ ನೋಡುವ ದಿನ ಬಂತೆಂದರೆ ಹೆಂಗಸರಿಗೆ ಎದೆ ಡವಗುಟ್ಟುತ್ತಿತ್ತು.

1970ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದು ತಪ್ಪು ಎಂದು ಬರೆಯಿತು. ಇಂಥ ಕಟ್ಟುಪಾಡಿನಿಂದ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುತ್ತಿರಬಹುದು, ಶಿಶುಮರಣಕ್ಕೆ ಅದೂ ಒಂದು ಕಾರಣವಿರಬಹುದು ಎಂದು ಎಚ್ಚರಿಸಿ, 20ರಿಂದ 25 ಪೌಂಡ್ ಏರಿಕೆ ಸರಿ ಎಂದಿತು. ತಾಯಿ ಬಸುರಾಗುವ ಮೊದಲು ಎಷ್ಟು ತೂಕವಿದ್ದಳು ಎಂದು ನೋಡಿ ಅದಕ್ಕೆ ತಕ್ಕ ಗುರಿ ಹೇಳುವ ಪದ್ಧತಿ 1990ರಲ್ಲಿ ಬಂತು. ಈಗ ಹಲವು ದೇಶಗಳು ನೋಡುವ 2009ರ ಲೆಕ್ಕದ ಪ್ರಕಾರ ತೆಳ್ಳನೆಯವಳು ಒಂಬತ್ತು ತಿಂಗಳಲ್ಲಿ 12.5ರಿಂದ 18 ಕಿಲೋ ಏರಬೇಕು, ಬೊಜ್ಜಿರುವವಳಿಗೆ 5ರಿಂದ 9 ಕಿಲೋ ಸಾಕು. ಬೊಜ್ಜಿರುವವಳೂ ಏರಬೇಕು ಎಂಬುದನ್ನು ಗಮನಿಸಬೇಕು. ಬಸುರಿನಲ್ಲಿ ತೂಕ ಇಳಿಸಲು ಉಪವಾಸ ಬೀಳುವುದನ್ನು ಯಾವ ಮಾರ್ಗಸೂಚಿಯೂ ಹೇಳಿಲ್ಲ.

ಬ್ರಿಟನ್ನಿನ ಕತೆ ಇನ್ನೊಂದು ಕಡೆಗೆ ಹೊರಳಿತು. ಪ್ರತಿ ಸಲ ತೂಕ ನೋಡಿ ಏನು ಪ್ರಯೋಜನ, ಸಣ್ಣ ಮಗುವನ್ನೂ ಅದು ಸರಿಯಾಗಿ ಹೇಳುವುದಿಲ್ಲ, ಸುಮ್ಮನೆ ತಾಯಂದಿರಿಗೆ ಆತಂಕ ಎಂದು 1991ರಲ್ಲಿ ಅಲ್ಲಿನ ತಜ್ಞರು ವಾದಿಸಿದರು. ಮೊದಲ ಭೇಟಿಯಲ್ಲಿ ಒಮ್ಮೆ ನೋಡಿ ಬಿಡುವ ಕ್ರಮ ಬೆಳೆಯಿತು. ಅದೇ ವರ್ಷಗಳಲ್ಲಿ ಅಲ್ಲಿನ ಜನರ ಮೈ ಬೆಳೆಯುತ್ತಿತ್ತು. ಹೆರಿಗೆಯಲ್ಲಿ ಸತ್ತ ಪ್ರತಿ ತಾಯಿಯ ಪ್ರಕರಣವನ್ನೂ ಹೆಸರು ಗುಟ್ಟಾಗಿಟ್ಟು ಕೂಲಂಕಷ ಪರಿಶೀಲಿಸುವ ಏರ್ಪಾಡು ಇಂಗ್ಲೆಂಡಿನಲ್ಲಿ 1952ರಿಂದ ಇದೆ. 2003ರಿಂದ 2005ರ ಸಾವುಗಳ ವರದಿ 2007ರಲ್ಲಿ ಹೊರಬಂದಾಗ ಅಲ್ಲಿನ ಹೆರಿಗೆ ವೈದ್ಯರು ಬೆಚ್ಚಿದರು. ತೂಕದ ಮಾಹಿತಿ ಸಿಕ್ಕ ಮೃತ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು.

ಅಲ್ಲಿಂದ ಮೂರು ವರ್ಷಕ್ಕೆ, 2010ರಲ್ಲಿ, ಬೊಜ್ಜಿರುವ ಬಸುರಿಯನ್ನು ಹೇಗೆ ನೋಡಿಕೊಳ್ಳಬೇಕೆಂಬ ಮಾರ್ಗಸೂಚಿಯನ್ನು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅಬ್‌ಸ್ಟೆಟ್ರಿಷಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ ತಂದಿತು. ಅದನ್ನು ಓದಿದರೆ ಒಂದು ಸಂಗತಿ ಮನಸ್ಸಿಗೆ ತಾಗುತ್ತದೆ. ತಾಯಿಗೆ ಬುದ್ಧಿ ಹೇಳುವುದಕ್ಕಿಂತ ಆಸ್ಪತ್ರೆಗೆ ಕೆಲಸ ಹಚ್ಚುವ ಮಾತೇ ಅದರಲ್ಲಿ ಹೆಚ್ಚು. ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿಯನ್ನೇ ತೆಗೆದುಕೊಳ್ಳಿ. ದಪ್ಪ ತೋಳಿಗೆ ಮಾಮೂಲಿ ಅಳತೆಯ ಪಟ್ಟಿ ಸುತ್ತಿದರೆ ಅದು ಇರುವುದಕ್ಕಿಂತ ಹೆಚ್ಚು ಬಿಪಿ ತೋರಿಸುತ್ತದೆ. ಇಲ್ಲದ ಬಿಪಿಗೆ ಮಾತ್ರೆ ಶುರುವಾಗಬಹುದು, ಸಕಾಲಕ್ಕೆ ಮುಂಚೆ ಹೆರಿಗೆ ಮಾಡಿಸಿಬಿಡಲೂಬಹುದು. ಆದ್ದರಿಂದ ದೊಡ್ಡ ಪಟ್ಟಿ ಇಟ್ಟಿರಬೇಕು, ಯಾವ ಅಳತೆಯದನ್ನು ಬಳಸಿದಿರಿ ಎಂದು ಚೀಟಿಯಲ್ಲಿ ಬರೆಯಬೇಕು ಎಂದು ಆ ಮಾರ್ಗಸೂಚಿ ಹೇಳಿತು. ಬಸುರಾಗುವ ಮೊದಲಿನಿಂದಲೇ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ, ಸಕ್ಕರೆ ಪರೀಕ್ಷೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅಗತ್ಯವಿದ್ದವರಿಗೆ ಹೆಪಾರಿನ್ ಚುಚ್ಚುಮದ್ದು, ಭಾರ ತಾಳುವ ಮಂಚ ಮೇಜು ಇವೂ ಪಟ್ಟಿಯಲ್ಲಿದ್ದವು. ಬಹಳ ಬೊಜ್ಜಿದ್ದವರನ್ನು ಅರಿವಳಿಕೆ ವೈದ್ಯರು ಹೆರಿಗೆಗೆ ಮುಂಚೆಯೇ ನೋಡಿರಬೇಕು. ಬೆನ್ನಿಗೆ ಸೂಜಿ ಹಾಕುವ ಜಾಗ ಕೈಗೆ ಸಿಗುವುದು ಅಂಥವರಲ್ಲಿ ಕಷ್ಟ. ನಡುರಾತ್ರಿ ತುರ್ತು ಸಿಸೇರಿಯನ್ ಹೊತ್ತಿಗೆ ಅದು ಗೊತ್ತಾದರೆ ಏನು ಬಂತು?

ಈಗ ಮತ್ತೆ ಮೈಸೂರಿಗೆ.

ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ 1980ರ ದಶಕದ ಕೊನೆಗೆ ವೈದ್ಯಲೋಕವನ್ನು ಕದಡಿದ್ದರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಕೌಂಟಿಯಲ್ಲಿ ದಾದಿಯರು 1911ರಿಂದ ಬರೆದಿಟ್ಟ ಮಕ್ಕಳ ತೂಕದ ಪುಸ್ತಕಗಳನ್ನು ಹಿಡಿದು, ಸಣ್ಣಗೆ ಹುಟ್ಟಿದವರಲ್ಲಿ ನಡುವಯಸ್ಸಿನ ಹೃದಯರೋಗ, ಸಕ್ಕರೆ ಕಾಯಿಲೆ ಹೆಚ್ಚು ಎಂದು ತೋರಿಸಿದ್ದರು. ಇದು ಭಾರತಕ್ಕೂ ಹೊಂದುತ್ತದೆಯೇ? ಹಳೆಯ ದಾಖಲೆ ಉಳಿಸಿಕೊಂಡ ಆಸ್ಪತ್ರೆ ಬೇಕಿತ್ತು. ಅದು ಮಂಡಿ ಮೊಹಲ್ಲಾದಲ್ಲಿ ಸಿಕ್ಕಿತು. ಬಾರ್ಕರ್ ಅವರ ಸಹೋದ್ಯೋಗಿ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡದವರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ತಿರುಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿ, ಪುಸ್ತಕದ ಸಾಲಿಗೂ ಮನುಷ್ಯರಿಗೂ ತಾಳೆ ಹಾಕಿದರು. ಅಷ್ಟು ಹೊತ್ತಿಗೆ ಆ ಕೂಸುಗಳು ನಲವತ್ತು ಐವತ್ತು ದಾಟಿದ ಗೃಹಸ್ಥರು.

ಮೊದಲ ಫಲ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ತಪಾಸಣೆ. ಐದೂವರೆ ಪೌಂಡ್ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯರೋಗ, ಏಳು ಪೌಂಡ್ ದಾಟಿ ಹುಟ್ಟಿದವರಲ್ಲಿ ಶೇ 3. ಬಾರ್ಕರ್ ಹೇಳಿದ್ದು ಮೈಸೂರಿನಲ್ಲೂ ನಿಜವಾಯಿತು.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಮಗುಚಿ ಬಿತ್ತು. 1998ರಲ್ಲಿ 506 ಮಂದಿಯ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರು ಸಣ್ಣ ಕೂಸಾಗಿ ಹುಟ್ಟಿದವರಲ್ಲ. ಉದ್ದ ಕಡಿಮೆ, ಉದ್ದಕ್ಕೆ ಮೀರಿದ ದಪ್ಪ: ಗುಂಡುಗುಂಡಾಗಿ ಹುಟ್ಟಿದವರು. ಅವರ ತಾಯಂದಿರು ಸರಾಸರಿಗಿಂತ ಹೆಚ್ಚು ತೂಕದವರು, ಅವರ ಸೊಂಟದ ಅಳತೆಯೂ ದೊಡ್ಡದು. ಹೆರಿಗೆಯ ದಾರಿ ತಿಳಿಯಲೆಂದು ಅಂದಿನ ನರ್ಸಮ್ಮಂದಿರು ಇಕ್ಕಳ ಹಿಡಿದು ಬರೆದ ಅಂಕಿಗಳೇ ಬಸುರಿಯ ಬೊಜ್ಜಿಗೂ ಮಗುವಿನ ಮುಪ್ಪಿನ ಕಾಯಿಲೆಗೂ ನಂಟು ತೋರಿಸಿದವು. ‘ಮಗು ದುಂಡಗಿದೆ, ಆರೋಗ್ಯವಾಗಿದೆ’ ಎಂದು ದೃಷ್ಟಿ ತೆಗೆದ ಮಕ್ಕಳಲ್ಲೇ ಕೆಲವರಿಗೆ ಹೀಗಾಗಿತ್ತು.

ಇದರ ಒಳಗುಟ್ಟು ಕೋಪನ್‌ಹೇಗನ್ನಿನ ಯೋರ್ಗನ್ ಪೆಡರ್ಸನ್ 1952ರಲ್ಲೇ ಹೇಳಿದ್ದ ಮಾತಿನಲ್ಲಿತ್ತು. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹರಿಯುತ್ತದೆ, ತಾಯಿಯ ಇನ್ಸುಲಿನ್ ಹರಿಯುವುದಿಲ್ಲ. ಆಗ ಮಗುವಿನ ಮೇದೋಜೀರಕ ಗ್ರಂಥಿ ತಾನೇ ಇನ್ಸುಲಿನ್ ಸುರಿಸಿ ಆ ಸಕ್ಕರೆಯನ್ನೆಲ್ಲ ಕೊಬ್ಬಾಗಿ ಕೂಡಿಡುತ್ತದೆ. ಮೈಸೂರಿನ ಸಂಶೋಧಕರು ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿದರು. ಹಸಿವಿನ ಮನೆಯಲ್ಲಿ ಕೃಶವಾಗಿ ಹುಟ್ಟಿದ ಹೆಣ್ಣು ಕೂಸಿನ ದೇಹ ಸಿಕ್ಕಿದ್ದನ್ನು ಉಳಿಸಿಕೊಳ್ಳುವಂತೆ ರೂಪುಗೊಂಡಿರುತ್ತದೆ. ಅವಳು ಪಟ್ಟಣ ಸೇರಿ, ಮೈಮುರಿವ ಕೆಲಸ ತಪ್ಪಿ, ಊಟ ಹೆಚ್ಚಾದಾಗ ಕೊಬ್ಬು ಬೇಗ ಕೂಡುತ್ತದೆ, ಇನ್ಸುಲಿನ್ ಸಾಲದಾಗುತ್ತದೆ. ಬಸುರಾದಾಗ ಸಕ್ಕರೆ ಏರುತ್ತದೆ. ಅವಳ ಮಗಳು ಗುಂಡಾಗಿ ಹುಟ್ಟುತ್ತಾಳೆ, ಕಾಯಿಲೆಯ ಬೀಜ ಹೊತ್ತು ಹುಟ್ಟುತ್ತಾಳೆ. ಅಜ್ಜಿಯ ಹಸಿವು ಮೊಮ್ಮಗಳ ಸಕ್ಕರೆ ಕಾಯಿಲೆಯಾಗುವ ದಾರಿ ಇದು. ಬಡಕಲು ಬಸುರಿ, ಬೊಜ್ಜಿನ ಬಸುರಿ ಎಂದು ಬೇರೆ ಬೇರೆ ಕಂಡದ್ದು ಒಂದೇ ಮನೆತನದ ಎರಡು ತಲೆಮಾರು.

ನಮ್ಮವರ ಬೊಜ್ಜು ಕಣ್ಣಿಗೆ ಕಾಣುವುದೂ ಕಡಿಮೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2003ರಲ್ಲಿ ಅಲ್ಲಿನ ಹಳ್ಳಿಯ ಕೂಸುಗಳನ್ನು ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿದಾಗ ಸರಾಸರಿ ತೂಕ ಇಲ್ಲಿ 2.7 ಕಿಲೋ, ಅಲ್ಲಿ 3.5. ತೋಳು, ಹೊಟ್ಟೆ ಎಲ್ಲ ಸಣ್ಣದು, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಮೈಸೂರಿನ ಮಕ್ಕಳಲ್ಲೂ ಇದೇ ಚಿತ್ರ. ಅದಕ್ಕೇ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಕೆಳಗಿಳಿಸಿದ್ದಾರೆ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ ಯುರೋಪಿನವರಲ್ಲಿ 30 ದಾಟಿದರೆ ಬೊಜ್ಜು, ನಮ್ಮಲ್ಲಿ 25ಕ್ಕೇ. ಐದಡಿ ಎತ್ತರದ ಹೆಣ್ಣುಮಗಳು 58 ಕಿಲೋ ಇದ್ದರೆ ಆ ಗೆರೆ ಮುಟ್ಟಿದಂತೆ. ಬೀದಿಯಲ್ಲಿ ಅವಳನ್ನು ಕಂಡವರು ‘ಮೈಕೈ ತುಂಬಿಕೊಂಡಿದ್ದಾಳೆ’ ಎನ್ನುತ್ತಾರೆ, ಅಷ್ಟೆ.

1997ರಲ್ಲಿ ಮಿಷನ್ ಆಸ್ಪತ್ರೆಯಲ್ಲೇ ‘ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಈ ಸಲ ಹಳೆ ಪುಸ್ತಕವಲ್ಲ, ಎದುರಿಗಿದ್ದ 830 ಬಸುರಿಯರು. ಸಕ್ಕರೆ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದಾಗ ಶೇ 6.2ರಷ್ಟು ಮಂದಿಗೆ ಬಸುರಿಯ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಬಿಡದೆ ವರ್ಷವರ್ಷ ನೋಡುತ್ತ ಬಂದರು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಮೈಕೊಬ್ಬು ಉಳಿದವರಿಗಿಂತ ಹೆಚ್ಚಿತ್ತು. ತಾಯಂದಿರ ಪಾಡು ಇನ್ನೂ ಕಳವಳಕಾರಿ. ಹೆತ್ತು ಐದು ವರ್ಷವಾಗುವಷ್ಟರಲ್ಲಿ ಅವರಲ್ಲಿ ಶೇ 37ರಷ್ಟು ಮಂದಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಬಸುರಿನಲ್ಲಿ ಸಕ್ಕರೆ ಸರಿಯಿದ್ದವರಲ್ಲಿ ಅದು ಶೇ 2.

ಮಗು ಕೈಗೆ ಬಂದ ಮೇಲೆ ಮನೆಯವರ ಕಣ್ಣೆಲ್ಲ ಮಗುವಿನ ಮೇಲೆ. ತಾಯಿಯ ಶುಗರ್ ಮತ್ತೊಮ್ಮೆ ನೋಡಬೇಕೆಂಬುದು ಯಾರ ನೆನಪಿಗೂ ಬರುವುದಿಲ್ಲ. ಈ ಶೇ 37 ಎಂಬ ಅಂಕಿಯ ಹಿಂದೆ ಇರುವುದು ಆ ಮರೆವಿನಲ್ಲಿ ಕಳೆದುಹೋಗುವ ಹೆಂಗಸರು.

ಬಸುರಾದ ಮೇಲೆ ಊಟ, ನಡಿಗೆಯ ಸಲಹೆ ಕೊಟ್ಟರೆ ಎಷ್ಟು ಫಲ ಎಂದೂ ಪರೀಕ್ಷಿಸಿ ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 2,212 ಮಂದಿಯ ಮೇಲೆ, ಬ್ರಿಟನ್ನಿನಲ್ಲಿ 1,555 ಮಂದಿಯ ಮೇಲೆ ದೊಡ್ಡ ಪ್ರಯೋಗಗಳು ನಡೆದು 2014, 2015ರಲ್ಲಿ ಫಲಿತಾಂಶ ಬಂತು. ತಿಂಗಳಿಗೆ ಮೀರಿ ಬೆಳೆದ ಮಕ್ಕಳ ಪ್ರಮಾಣ ಎರಡರಲ್ಲೂ ತಗ್ಗಲಿಲ್ಲ, ಬ್ರಿಟನ್ನಿನಲ್ಲಿ ಬಸುರಿಯ ಸಕ್ಕರೆ ಕಾಯಿಲೆಯೂ ಇಳಿಯಲಿಲ್ಲ. ಮುಂಬೈ ಕೊಳೆಗೇರಿಗಳಲ್ಲಿ ನಡೆದ ಕೆಲಸ ಬೇರೆ ದಾರಿ ತೋರಿಸಿತು. ಅಲ್ಲಿ ಹೆಂಗಸರಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ದಿನಾ ಕೊಟ್ಟರು, ಬಸುರಾಗುವ ಮೊದಲಿನಿಂದಲೇ ಕೊಟ್ಟರು. ಆ ತಿಂಡಿ ತಿಂದವರಲ್ಲಿ ಬಸುರಿಯ ಸಕ್ಕರೆ ಕಾಯಿಲೆ ಶೇ 7.3, ಉಳಿದವರಲ್ಲಿ ಶೇ 12.4. ಊಟ ಕಿತ್ತುಕೊಳ್ಳದೆ ಒಳ್ಳೆಯ ಊಟವನ್ನು ಮುಂಚೆಯೇ ಕೊಟ್ಟದ್ದರಿಂದ ಬಂದ ಫಲ. ಒಂದು ಶತಮಾನ ಬಸುರಿಯರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗದರಿದವರು ಇದನ್ನು ಗಮನವಿಟ್ಟು ಓದಬೇಕು.

ಕರ್ನಾಟಕದಲ್ಲಿ ಈಗ ಎರಡೂ ತೊಂದರೆ ಒಟ್ಟಿಗಿವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 17.2 ಮಂದಿ ಕೃಶ, ಶೇ 30.1 ಮಂದಿ ಅಧಿಕ ತೂಕದವರು. ನಾಲ್ಕನೇ ಸಮೀಕ್ಷೆಯಲ್ಲಿ ಅಧಿಕ ತೂಕದವರು ಶೇ 23.3 ಇದ್ದರು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗೆ ಬಿಸಿಯೂಟಕ್ಕೆ ಬರುವ ಬಸುರಿಯರಲ್ಲಿ ಈ ಇಬ್ಬರೂ ಇರುತ್ತಾರೆ. ಒಬ್ಬಳಿಗೆ ಆ ಊಟ ಸಾಲದು, ಇನ್ನೊಬ್ಬಳು ಮನೆಗೆ ಹೋಗಿ ಮತ್ತೊಮ್ಮೆ ಇಬ್ಬರ ಊಟ ಮಾಡಬೇಕಿಲ್ಲ. ಯಾರು ಯಾರೆಂದು ಹೇಳಲು ಮೊದಲ ತಿಂಗಳುಗಳ ತೂಕ, ಎತ್ತರ ಎರಡೂ ತಾಯಿ ಕಾರ್ಡಿನಲ್ಲಿ ಇರಬೇಕು. ಐದನೇ ತಿಂಗಳಲ್ಲಿ ಮೊದಲ ಸಲ ತೂಕ ನೋಡಿದರೆ ಎಷ್ಟು ಏರಿತೆಂದು ಹೇಳುವವರು ಯಾರು?

ಸಕ್ಕರೆ ಪರೀಕ್ಷೆ ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುವಂಥದ್ದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಊಟವಾಗಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿದು ಎರಡು ಗಂಟೆಗೆ ರಕ್ತ ನೋಡುತ್ತಾರೆ. 140 ಮುಟ್ಟಿದರೆ ಬಸುರಿಯ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಕಾಯಿಲೆ ಇದ್ದವರಿಗೆ ಹೆತ್ತು ಆರು ವಾರಕ್ಕೆ ಮೂರನೇ ಪರೀಕ್ಷೆಯೂ ಇದೆ. ಮಗುವಿಗೆ ಆರನೇ ವಾರದ ಲಸಿಕೆಗಳನ್ನು ಹಾಕಿಸಲು ಹೋಗುವುದೂ ಆಗಲೇ. ಬಾಣಂತನ ಮಾಡುವ ಅಮ್ಮಂದಿರು, ಅತ್ತೆಯಂದಿರು, ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಯರು ಆ ದಿನ ಮಗುವನ್ನು ಎತ್ತಿಕೊಂಡು ಹೊರಟಾಗ ಮಗಳನ್ನೂ ರಕ್ತ ಪರೀಕ್ಷೆಗೆ ಕೂರಿಸಿಯೇ ಮನೆಗೆ ಕರೆತರಲಿ.